ಬೀದಿ ತೋಟ ಬಾಡಿದಾಗ: ಪೈಪು ಹಿಡಿಯುವ ಮೊದಲು ಏನು ನೋಡಬೇಕು

ನಮ್ಮ ಬಡಾವಣೆಯ ಮೂಲೆ ಸೈಟಿನಲ್ಲಿ 12 ಮಡಿಗಳ ತರಕಾರಿ ತೋಟ ಇದೆ. ಒಂದೊಂದು ಮಡಿ 4 ಅಡಿ ಅಗಲ, 10 ಅಡಿ ಉದ್ದ. ಸುತ್ತಲಿನ ಮನೆಯವರು ಸರದಿ ಹಾಕಿಕೊಂಡು ನೀರು ಹಾಕುತ್ತೇವೆ, ಕಳೆ ಕೀಳುತ್ತೇವೆ, ಬೆಳೆದದ್ದನ್ನು ಹಂಚಿಕೊಳ್ಳುತ್ತೇವೆ. ಬೆಂಗಳೂರಿನಲ್ಲಿ ಇಂಥ ತೋಟಗಳು ಈಗ ಹೊಸದೇನಲ್ಲ. ಮಳೆಗಾಲದಲ್ಲಿ ಅವು ತಮ್ಮಷ್ಟಕ್ಕೆ ತಾವೇ ನಡೆಯುತ್ತವೆ. ಕಷ್ಟ ಶುರುವಾಗುವುದು ಶಿವರಾತ್ರಿ ಕಳೆದ ಮೇಲೆ.

2024ರ ಏಪ್ರಿಲ್‌ನಲ್ಲಿ ನಮ್ಮ ಟೊಮೆಟೊ ಮಡಿ ಒಂದೇ ವಾರದಲ್ಲಿ ಸತ್ತುಹೋಯಿತು. ಮೊದಲ ದಿನ ಎರಡು ಗಿಡ ತಲೆ ಬಗ್ಗಿಸಿದವು. ನೋಡಿದವರೆಲ್ಲ ಪಾಪ, ನೀರು ಸಾಲದು ಅಂದುಕೊಂಡು ಒಂದೊಂದು ಬಿಂದಿಗೆ ಸುರಿದರು. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು, ಸಂಜೆ ನಾನು. ಆ ವರ್ಷ ನೀರಿನ ಪರಿಸ್ಥಿತಿ ಹೇಗಿತ್ತು ಅಂತ ಬೆಂಗಳೂರಿನಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲೇ ಆದೇಶ ಮಾಡಿತ್ತು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಹೀಗೆ ಮನೆ ಮನೆಯಿಂದ ಹೊತ್ತು ತಂದು ಹಾಕಿದ್ದೆವು. ಎಂಟನೇ ದಿನ 18 ಗಿಡದಲ್ಲಿ 15 ಇರಲಿಲ್ಲ.

ಆಗ ನಮ್ಮ ಬೀದಿಯ ತಾತ ಬಂದರು. ಕೋಲಾರದ ಕಡೆ ಟೊಮೆಟೊ ಬೆಳೆದವರು, ಈಗ ಮಗಳ ಮನೆಯಲ್ಲಿದ್ದಾರೆ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟು, ಸ್ವಲ್ಪ ತಾಳಿ ಅಂದರು. ಎರಡು ಮೂರು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ನಿಧಾನವಾಗಿ ಕೆಳಗೆ ಇಳಿಯಿತು. "ಇದಕ್ಕೆ ಬಾಯಾರಿಕೆ ಅಲ್ಲಮ್ಮ, ಕಾಯಿಲೆ. ನೀವು ಹಾಕಿದ ನೀರೇ ಇದನ್ನು ಪಕ್ಕದ ಗಿಡಕ್ಕೆ ಸಾಗಿಸಿದೆ" ಅಂದರು.

ಬೇಸಿಗೆಯಲ್ಲಿ ಗಿಡಕ್ಕೆ ಏನೇ ಆಗಲಿ, ನೋಡುವವರ ಕಣ್ಣಿಗೆ ಅದು ಬಾಯಾರಿಕೆಯಾಗಿಯೇ ಕಾಣುತ್ತದೆ. ಅದಕ್ಕೇ ಆ ವರ್ಷದಿಂದ ನಮ್ಮಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಬಾಡಿದ ಗಿಡ ಕಂಡರೆ ಮೊದಲು ಪರೀಕ್ಷೆ, ಆಮೇಲೆ ನೀರು. ಆ ಪರೀಕ್ಷೆಗಳನ್ನು ನಾವು ಮಾಡುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲ ಪರೀಕ್ಷೆ: ಬೆಳಿಗ್ಗೆ 6 ಗಂಟೆಗೆ ಬಂದು ನೋಡಿ

ಮಧ್ಯಾಹ್ನ 2 ಗಂಟೆಗೆ ಬಾಡಿದ ಗಿಡವನ್ನು ನೋಡಿ ಏನನ್ನೂ ತೀರ್ಮಾನ ಮಾಡಬೇಡಿ. ಸೋರೆ, ಕುಂಬಳ, ಸೌತೆಯಂಥ ಅಗಲ ಎಲೆಯ ಬಳ್ಳಿಗಳು ಬುಡದಲ್ಲಿ ಬೇಕಾದಷ್ಟು ತೇವ ಇದ್ದರೂ ಮಧ್ಯಾಹ್ನ ಎಲೆ ಇಳಿಬಿಡುತ್ತವೆ. ಎಲೆಯಿಂದ ನೀರು ಆವಿಯಾಗುವಷ್ಟು ಬೇಗ ಬೇರು ಮೇಲಕ್ಕೆ ಕಳಿಸಲಾರದು, ಅಷ್ಟೇ. ಸಂಜೆ ತಂಪಾದ ಮೇಲೆ ತಾವೇ ಏಳುತ್ತವೆ.

ಬೆಳಿಗ್ಗೆ ಎಲೆ ನೆಟ್ಟಗಿದ್ದರೆ ಆ ಗಿಡಕ್ಕೆ ನೀರಿನ ತೊಂದರೆ ಇಲ್ಲ. ಬೆಳಿಗ್ಗೆಯೂ ಬಾಡಿದ್ದರೆ ತೋರು ಬೆರಳನ್ನು ಪೂರ್ತಿ ಮಣ್ಣಿಗೆ ಇಳಿಸಿ. ಮೇಲೆ ಮುಟ್ಟಿ ನೋಡಿದರೆ ಸಾಲದು. ಏಪ್ರಿಲ್ ಬಿಸಿಲಿಗೆ ಮೇಲಿನ ಒಂದು ಇಂಚು ಯಾವಾಗಲೂ ಒಣಗಿಯೇ ಇರುತ್ತದೆ. ಒಳಗೆ ಒದ್ದೆ ಇದ್ದರೆ ಒಂದು ದಾರಿ, ಒಣಗಿದ್ದರೆ ಇನ್ನೊಂದು ದಾರಿ.

ಮಣ್ಣು ಒದ್ದೆ ಇದೆ, ಗಿಡ ಬಾಡಿದೆ

ಇಲ್ಲಿ ತಕ್ಷಣ ಮಾಡಬೇಕಾದದ್ದು ನೀರು ನಿಲ್ಲಿಸುವುದು. ಒಂದು ಗಿಡ ಬಲಿ ಕೊಟ್ಟು ಬೇರು ಸಮೇತ ಕಿತ್ತು ನೋಡಿ. ಒಂದು ಗಿಡ ಉಳಿಸಲು ಹೋಗಿ ಮಡಿ ಕಳೆದುಕೊಳ್ಳುವುದು ಬೇಡ.

ಟೊಮೆಟೊ, ಬದನೆ, ಮೆಣಸಿನ ಗಿಡವಾದರೆ ಲೋಟದ ಪರೀಕ್ಷೆ ಮಾಡಿ. ಲೋಟ ಗಾಜಿನದೇ ಆಗಬೇಕು, ನೀರು ತಿಳಿಯಾಗಿರಬೇಕು, ಅಲುಗಾಡಿಸಬಾರದು. ಕಾಂಡದ ತುದಿ ಮಾತ್ರ ನೀರಿಗೆ ತಾಗಲಿ. ಹಿಂದೆ ಕಪ್ಪು ಬಟ್ಟೆ ಹಿಡಿದರೆ ಬಿಳಿ ಎಳೆ ಚೆನ್ನಾಗಿ ಕಾಣುತ್ತದೆ. ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಇದರಲ್ಲಿ ಎಲೆ ಹಸಿರಾಗಿದ್ದಾಗಲೇ ಗಿಡ ಜೋತು ಬೀಳುತ್ತದೆ. ಎಳೆ ಬರಲಿಲ್ಲ, ಕೆಳಗಿನ ಎಲೆ ಮೊದಲು ಹಳದಿಯಾಗುತ್ತಾ ನಿಧಾನವಾಗಿ ಸೊರಗಿತು, ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಇದೆ ಅಂದರೆ ಅದು ಶಿಲೀಂಧ್ರದ ಸೊರಗು.

ಎರಡಕ್ಕೂ ಬಿದ್ದ ಗಿಡಕ್ಕೆ ಮದ್ದಿಲ್ಲ. ಕಿತ್ತ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಕಾಯಿಲೆ ಗೊಬ್ಬರದ ಜೊತೆ ತೋಟಕ್ಕೆಲ್ಲ ಹರಡುತ್ತದೆ. ಆ ಮಡಿಗೆ ಬಳಸಿದ ಗುದ್ದಲಿ, ಕುರ್ಪಿ ತೊಳೆದು ಬಿಸಿಲಿಗಿಡಿ. ಅಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ಮುಸುಕಿನ ಜೋಳ, ಅಲಸಂದೆ, ಸೊಪ್ಪು ಹಾಕಬಹುದು. ಮತ್ತೆ ಟೊಮೆಟೊ ಹಾಕುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅಥವಾ ಅರ್ಕಾ ಸಾಮ್ರಾಟ್ ನೋಡಿ. ಎಲೆ ಮುಟುರು, ಬ್ಯಾಕ್ಟೀರಿಯಾದ ಸೊರಗು, ಎಲೆ ಚುಕ್ಕೆಯ ಅಂಗಮಾರಿ, ಮೂರಕ್ಕೂ ತಡೆದುಕೊಳ್ಳುವ ತಳಿಗಳು ಅವು.

ಬೇರಿನಲ್ಲಿ ಗಂಟು ಗಂಟು ಕಂಡರೆ ಅದು ಮಣ್ಣಿನಲ್ಲಿರುವ ಜಂತುಹುಳದ (ನೆಮಟೋಡ್) ಕೆಲಸ. ಇಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಅಲಸಂದೆ, ಬೀನ್ಸ್ ಬೇರಿನಲ್ಲಿ ಗಂಟು ಇರಲೇಬೇಕು, ಸಾರಜನಕ ಕೂಡಿಡುವ ಗಂಟು ಅದು. ಉಗುರಿನಿಂದ ತಳ್ಳಿದರೆ ಸುಲಭವಾಗಿ ಉದುರುತ್ತದೆ, ಒಡೆದರೆ ಒಳಗೆ ನಸುಗೆಂಪು. ಜಂತುಹುಳದ ಗಂಟು ಬೇರೇ ಊದಿಕೊಂಡದ್ದು. ತಳ್ಳಿದರೆ ಬರುವುದಿಲ್ಲ, ಬೇರೇ ಹರಿಯುತ್ತದೆ. ಚೆನ್ನಾಗಿರುವ ಬೀನ್ಸ್ ಗಿಡಗಳನ್ನು ಜಂತುಹುಳ ಅಂತ ಹೆದರಿ ಕಿತ್ತು ಹಾಕಿದ್ದನ್ನು ನಾನೇ ಕಂಡಿದ್ದೇನೆ.

ಜಂತುಹುಳಕ್ಕೆ ಬೇಸಿಗೆಯೇ ಒಳ್ಳೆಯ ಮದ್ದು. ಮಡಿ ಖಾಲಿ ಮಾಡಿ, ಅಗೆದು, ಒಮ್ಮೆ ಚೆನ್ನಾಗಿ ನೀರು ಕುಡಿಸಿ, ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಸುತ್ತಲೂ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಕಪ್ಪು ಹಾಳೆ ಬೇಡ, ಅದರಲ್ಲಿ ಮಣ್ಣು ಅಷ್ಟು ಕಾಯುವುದಿಲ್ಲ. ಆಮೇಲೆ ನಾವು ಮಡಿಗೆ 1 ಕೆಜಿ ಬೇವಿನ ಹಿಂಡಿ ಸೇರಿಸಿ ಚೆಂಡು ಹೂ ಹಾಕಿದೆವು. ಮುಂದಿನ ಬೆಳೆಯಲ್ಲಿ ಗಂಟು ಬಹಳ ಕಮ್ಮಿ ಆಗಿತ್ತು.

ನೀರು ಹಾಕಿದ್ದೇವೆ, ಮಣ್ಣು ಒಣಗಿದೆ

ಇದು ನಂಬಲು ಕಷ್ಟ, ಆದರೆ ಬಹಳ ತೋಟಗಳಲ್ಲಿ ಆಗುವುದು ಇದೇ. ನೀರು ಹಾಕಿ ಹತ್ತು ನಿಮಿಷ ಬಿಟ್ಟು ಮಡಿಯ ಮಧ್ಯದಲ್ಲಿ ಒಂದು ಗೇಣು ಅಗೆದು ನೋಡಿ. ನಮ್ಮಲ್ಲಿ ಅಗೆದಾಗ ಮೇಲೆ ಅರ್ಧ ಇಂಚು ಕಪ್ಪಗೆ ಒದ್ದೆ, ಅದರ ಕೆಳಗೆ ಕೈಗೆ ಅಂಟದ ಒಣ ಪುಡಿ. ಒಣಗಿದ ತೆಂಗಿನ ನಾರಿನ ಪುಡಿ ಜಾಸ್ತಿ ಇದ್ದ ಮಡಿ ಅದು. ನಾರಿನ ಪುಡಿ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಕಿದ ನೀರೆಲ್ಲ ಇಟ್ಟಿಗೆಯ ಅಂಚಿಗೆ ಹರಿದು ಕೆಳಗೆ ಸೋರಿ ಹೋಗಿತ್ತು. ಕುಂಡಗಳಲ್ಲಿ ಇದು ಇನ್ನೂ ಜಾಸ್ತಿ. ತಟ್ಟೆಗೆ ನೀರು ಬಂತು, ಗಿಡ ಕುಡಿಯಿತು ಅಂದುಕೊಳ್ಳುತ್ತೇವೆ. ನೀರು ಬಂದಿರುವುದು ಮಣ್ಣಿಗೂ ಕುಂಡದ ಗೋಡೆಗೂ ನಡುವಿನ ಸಂದಿಯಿಂದ.

ಕೈ ಕುರ್ಪಿಯಿಂದ ಮೇಲ್ಮಣ್ಣು ಸಡಿಲಿಸಿ. ಒಂದು ಸಲಕ್ಕೆ ಹಾಕುವ ನೀರನ್ನು ಮೂರು ಪಾಲು ಮಾಡಿ, ಹದಿನೈದು ನಿಮಿಷಕ್ಕೊಮ್ಮೆ ಒಂದು ಪಾಲು ಹಾಕಿ. ಮೊದಲ ಪಾಲು ಮಣ್ಣನ್ನು ಮೆತ್ತಗೆ ಮಾಡುತ್ತದೆ, ಮೂರನೆಯದು ಬೇರಿಗೆ ಹೋಗುತ್ತದೆ. ಚಿಕ್ಕ ಕುಂಡವಾದರೆ ಬಕೆಟ್ಟಿನಲ್ಲಿ ಅರ್ಧ ಗಂಟೆ ಅದ್ದಿಡಿ.

ಡ್ರಿಪ್ ಹಾಕಿದ್ದರೆ ಮೋಟಾರು ಓಡಿದೆ ಅನ್ನುವುದನ್ನು ನಂಬಬೇಡಿ. ಒಂದು ಅಳತೆ ಲೋಟ ತೆಗೆದುಕೊಂಡು ಪೈಪಿನ ಕೊನೆಯ ಡ್ರಿಪ್ಪರ್ ಕೆಳಗೆ ಸರಿಯಾಗಿ 3 ನಿಮಿಷ ಇಡಿ. ಗಂಟೆಗೆ 2 ಲೀಟರಿನ ಡ್ರಿಪ್ಪರ್ ಆದರೆ 100 ಮಿಲಿ ಬರಬೇಕು, 4 ಲೀಟರಿನದಾದರೆ 200. ಮೊದಲ ಡ್ರಿಪ್ಪರ್‌ನಲ್ಲಿ ಸರಿ ಇದ್ದು ಕೊನೆಯದರಲ್ಲಿ 40 ಬಂದರೆ ಆ ಡ್ರಿಪ್ಪರ್ ಕಟ್ಟಿದೆ, ಇಲ್ಲವೇ ಮಧ್ಯೆ ಎಲ್ಲೋ ಸೋರುತ್ತಿದೆ. ನಮ್ಮ ಬೋರ್‌ವೆಲ್ ನೀರಿಗೆ ಡ್ರಿಪ್ಪರ್ ಬಾಯಲ್ಲಿ ಸುಣ್ಣ ಕಟ್ಟುವುದು ಮಾಮೂಲು. ಕಳಚಿ ವಿನಿಗರ್‌ನಲ್ಲಿ ರಾತ್ರಿ ನೆನೆಸಿದರೆ ಬಿಡುತ್ತದೆ. ಪೈಪಿನ ತುದಿ ಮುಚ್ಚಳ ತೆಗೆದು ವಾರಕ್ಕೊಮ್ಮೆ ಕೆಸರು ಹೊರಬಿಡಿ.

ಅಳಿಲುಗಳು ಬೇಸಿಗೆಯಲ್ಲಿ ನೀರಿಗಾಗಿಯೇ ಡ್ರಿಪ್ ಪೈಪು ಕಚ್ಚುತ್ತವೆ. ಗಿಡಗಳಿಂದ ದೂರ ಎರಡು ಮಣ್ಣಿನ ಬೋಗುಣಿಯಲ್ಲಿ ದಿನಾ ನೀರು ಇಟ್ಟ ಮೇಲೆ ನಮ್ಮಲ್ಲಿ ಕಚ್ಚುವುದು ಕಮ್ಮಿಯಾಯಿತು. ಬೋಗುಣಿ ದಿನಾ ತೊಳೆಯಿರಿ, ಇಲ್ಲದಿದ್ದರೆ ಸೊಳ್ಳೆ.

ಇನ್ನು ಎಷ್ಟು ನೀರು ಬೇಕು ಅನ್ನುವ ಲೆಕ್ಕ. ಏಪ್ರಿಲ್‌ನಲ್ಲಿ ನಮ್ಮ ಕಡೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಆವಿಯಾಗುತ್ತದೆ ಅಂತ ಇಟ್ಟುಕೊಳ್ಳಿ. ನಮ್ಮ ಮಡಿ 3.7 ಚದರ ಮೀಟರ್, ಅಂದರೆ ಒಂದು 20 ಲೀಟರ್ ಕ್ಯಾನಿಗೆ ಸ್ವಲ್ಪ ಕಮ್ಮಿ. ದಪ್ಪ ಹೊದಿಕೆ ಇದ್ದರೆ ಇಷ್ಟೂ ಬೇಡ. ಹೊಂಗೆ ಮರ ಎಲೆ ಉದುರಿಸುವುದು ಬೇಸಿಗೆಯ ಬಾಗಿಲಲ್ಲೇ. ಆ ತರಗೆಲೆಗೆ ಬೆಂಕಿ ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗುಡಿಸುವವರನ್ನು ಕೇಳಿದರೆ ಚೀಲದಲ್ಲಿ ತುಂಬಿ ಕೊಡುತ್ತಾರೆ. ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆಯೂ ಒಳ್ಳೆಯದು, ಆದರೆ ಎರಡು ದಿನ ಬಿಸಿಲಲ್ಲಿ ಒಣಗಿಸಿ ಹಾಕಿ, ಹಸಿಯದಕ್ಕೆ ಇರುವೆ ಮುತ್ತುತ್ತದೆ. ಹೊದಿಕೆ ನಾಲ್ಕು ಬೆರಳು ದಪ್ಪ ಇರಲಿ, ಕಾಂಡದಿಂದ ಒಂದು ಹಿಡಿ ದೂರ ಇರಲಿ. ತಾಗಿಸಿ ಹಾಕಿದರೆ ಗೆದ್ದಲು ನೇರ ಕಾಂಡಕ್ಕೆ ಹತ್ತುತ್ತದೆ.

ಎಲೆಯ ಅಂಚು ಮಾತ್ರ ಸುಟ್ಟಿದೆ

ಎಲೆಯ ತುದಿ, ಅಂಚು ಕಂದಾಗಿ ಗರಿಗರಿ ಆಗಿದ್ದರೆ, ನಡುವೆ ಹಸಿರು ಉಳಿದಿದ್ದರೆ, ಮಣ್ಣಿನ ಮೇಲೆ ಬಿಳಿ ಪೊರೆ ಇದೆಯಾ ನೋಡಿ. ನಾಲಿಗೆಗೆ ಮುಟ್ಟಿಸುವುದು ಬೇಡ, ಅದು ಉಪ್ಪು.

ನಮ್ಮಲ್ಲಿ ಇದು ಬಂದದ್ದು ಒಳ್ಳೆಯ ಮನಸ್ಸಿನಿಂದಲೇ. ಆರ್‌ಒ ಫಿಲ್ಟರಿನಿಂದ ಆಚೆ ಹೋಗುವ ನೀರನ್ನು ಚೆಲ್ಲುವುದು ಬೇಡ ಅಂತ ಮೂರು ಮನೆಯವರು ದಿನಾ ತಂದು ಹತ್ತಿರದ ಒಂದೇ ಮಡಿಗೆ ಹಾಕುತ್ತಿದ್ದರು. ಫಿಲ್ಟರ್ ತೆಗೆದುಹಾಕಿದ ಲವಣವೆಲ್ಲ ಆ ನೀರಿನಲ್ಲೇ ಇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಮಣ್ಣಲ್ಲಿ ಉಳಿಯುತ್ತದೆ. ಎರಡು ತಿಂಗಳಲ್ಲಿ ಬೀನ್ಸ್ ಎಲೆ ಸುಟ್ಟ ಹಪ್ಪಳದ ಅಂಚಿನಂತೆ ಆಗಿತ್ತು.

ಆ ನೀರು ನೆಲ ಒರೆಸಲು, ಕ್ಯಾನು ತೊಳೆಯಲು, ಕಕ್ಕಸಿಗೆ ಇರಲಿ. ತೋಟಕ್ಕೆ ಹಾಕಲೇಬೇಕಾದರೆ ಬೇರೆ ನೀರಿಗೆ ಅರ್ಧಕ್ಕರ್ಧ ಬೆರೆಸಿ, ದಿನಕ್ಕೊಂದು ಮಡಿ ಬದಲಿಸಿ. ಬಟ್ಟೆ ಒಗೆದ ಸೋಪಿನ ನೀರು ಸೊಪ್ಪು ತರಕಾರಿಗೆ ಬೇಡವೇ ಬೇಡ. ಉಪ್ಪು ಕಟ್ಟಿದ ಮಡಿಯ ಮೇಲ್ಪೊರೆಯನ್ನು ಕೆರೆದು ತೆಗೆಯಿರಿ. ಒಂದು ಜೋರು ಮಳೆ ಉಳಿದದ್ದನ್ನು ತೊಳೆಯುತ್ತದೆ. ಅಲ್ಲಿಯವರೆಗೆ ರಾಸಾಯನಿಕ ಗೊಬ್ಬರ ಹಾಕಬೇಡಿ, ಅದೂ ಉಪ್ಪೇ.

ಪಡುವಣ ಬಿಸಿಲು ಬೀಳುವ ಗೋಡೆಯ ಪಕ್ಕದ ಸಾಲು ಮಾತ್ರ ಒಣಗುತ್ತಿದ್ದರೆ ಕಾರಣ ಉಪ್ಪಲ್ಲ, ಗೋಡೆ. ಅಲ್ಲಿಗೆ 50 ಶೇಕಡದ ನೆರಳು ಪರದೆ ಕಟ್ಟಿ. ತಲೆಯ ಮೇಲೆ ಕಟ್ಟುವುದಕ್ಕಿಂತ ಪಶ್ಚಿಮಕ್ಕೆ ಇಳಿಬಿಡುವುದು ಮುಖ್ಯ.

ಹೂ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ

ಟೊಮೆಟೊದಲ್ಲಿ ಹೂ ಒಣಗಿ ತೊಟ್ಟಿನ ಗಂಟಿನಲ್ಲೇ ಕಳಚಿ ಬೀಳುತ್ತಿದ್ದರೆ ಹವೆ ನೋಡಿ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇದ್ದರೆ ಪರಾಗ ಕೆಲಸ ಮಾಡುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತ್ತು. ಇಂಥ ಬಿಸಿಲಿಗೆ ಹೂ ಉದುರಿದರೆ ಗೊಬ್ಬರ ಸುರಿಯಬೇಡಿ. ನೆರಳು ಕಟ್ಟಿ, ಗಿಡ ಬದುಕಿಸಿಕೊಳ್ಳಿ, ಹವೆ ಇಳಿದಾಗ ಮತ್ತೆ ಕಚ್ಚುತ್ತದೆ.

ಬಳ್ಳಿ ತರಕಾರಿಯಲ್ಲಿ ಮೊದಲು ಬರುವುದು ಗಂಡು ಹೂ. ಬಿಸಿಲು ಜಾಸ್ತಿಯಾದಷ್ಟೂ ಗಂಡು ಹೂವೇ ಜಾಸ್ತಿ. ಹೆಣ್ಣು ಹೂವಿನ ಹಿಂದೆ ಬೆರಳುದ್ದದ ಪುಟ್ಟ ಕಾಯಿ ಇರುತ್ತದೆ. ಆ ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಪರಾಗ ಸೇರಿಲ್ಲ. ಗಂಡು ಹೂ ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿಗೆ ಸವರಿ. ಹೊತ್ತು ಮುಖ್ಯ: ಕುಂಬಳ, ಸೌತೆ, ಹಾಗಲ ಬೆಳಿಗ್ಗೆ ಅರಳುತ್ತವೆ, ಹೀರೆ ಮತ್ತು ಸೋರೆ ಸಂಜೆ. ನಾನು ಒಂದು ವಾರ ಬೆಳಿಗ್ಗೆ ಏಳಕ್ಕೆ ಹೀರೆ ಬಳ್ಳಿಯ ಮುಂದೆ ನಿಂತು ಮುಚ್ಚಿದ ಹೂಗಳನ್ನು ನೋಡಿದ ಮೇಲೆಯೇ ಇದು ಮನಸ್ಸಿಗೆ ನಾಟಿದ್ದು. ಹುಟ್ಟಿದ ಕಾಯಿಯಲ್ಲಿ ಸೂಜಿ ಚುಚ್ಚಿದಂಥ ಗುರುತು, ಅಂಟು, ಸೊಟ್ಟ ಬೆಳವಣಿಗೆ ಇದ್ದರೆ ಅದು ಹಣ್ಣಿನ ನೊಣ. ಅಂಥ ಕಾಯಿ ದಿನಾ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ, ಮಣ್ಣಿಗೆ ಬೀಳಲು ಬಿಡಬೇಡಿ.

ಒಂದು ವರ್ಷ ಹೊಸದಾಗಿ ಸೇರಿದವರು ಫೆಬ್ರವರಿಯಲ್ಲಿ ಅವರೆ ಬಿತ್ತಿದರು. ಬಳ್ಳಿ ಬೇಲಿಯನ್ನೇ ಮುಚ್ಚಿತು, ಒಂದು ಹೂ ಇಲ್ಲ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ, ಸೊಗಡಿನ ಅವರೆಗೆ ಚಳಿಗಾಲ ಕಾಯುವುದು ಅದಕ್ಕೇ. ಬೇಸಿಗೆಗೆ ಬೆಂಡೆ, ಗೋರಿಕಾಯಿ, ಅಲಸಂದೆ, ದಂಟು, ಬಸಳೆ, ಪುಂಡಿ ಸೊಪ್ಪು ಹಾಕಿ. ಇವು ಬಿಸಿಲಿಗೆ ಹೆದರುವ ಪೈಕಿ ಅಲ್ಲ.

ಟೊಮೆಟೊ ಕಾಯಿಯ ಕೆಳತುದಿ ಕಪ್ಪಾಗಿ ಚಪ್ಪಟೆಯಾದರೆ ಅದು ರೋಗವಲ್ಲ. ಎರಡು ದಿನ ಒಣಗಿಸಿ ಮೂರನೇ ದಿನ ಮುಳುಗಿಸುವುದರಿಂದ ಕಾಯಿಗೆ ಸುಣ್ಣದಂಶ ಸರಿಯಾಗಿ ಸೇರುವುದಿಲ್ಲ. ನೀರು ಒಂದೇ ಹದದಲ್ಲಿ ಇದ್ದರೆ ಮುಂದಿನ ಕಾಯಿ ಸರಿ ಬರುತ್ತದೆ.

ಎಲೆ ಮುದುಡಿದೆ

ಮೆಣಸಿನ ಗಿಡದ ಎಲೆ ದೋಣಿಯಂತೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ. ಕೆಳಕ್ಕೆ ಬಾಗಿದರೆ ನುಸಿ. ಬಿಳಿ ಕಾಗದದ ಮೇಲೆ ಎಲೆ ಕೊಡವಿ ನೋಡಿ, ಚುಕ್ಕೆಗಳು ನಡೆದಾಡಿದರೆ ಇವೇ. ರಸ್ತೆ ಪಕ್ಕದ ಸಾಲಿಗೆ ನುಸಿ ಮೊದಲು ಬರುತ್ತದೆ, ಧೂಳು ಅದಕ್ಕೆ ಅನುಕೂಲ. ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಸಿಂಪಡಿಸಿದರೇ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ದ್ರಾವಣದಲ್ಲಿ ಕದಡಿ, ಸಂಜೆ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೆಂಡೆ ಎಲೆಯ ನರ ಹಳದಿ ಬಲೆಯಂತಾದರೆ ಆ ಗಿಡ ಕಿತ್ತುಬಿಡಿ, ಬಿಳಿ ನೊಣ ಆ ರೋಗವನ್ನು ಉಳಿದವಕ್ಕೆ ಹರಡುತ್ತದೆ.

ತೋಟ ಪೂರ್ತಿ ಒಂದೇ ಸಲ ಬಾಡಿದೆ

ಆಗ ಗಿಡ ಬಿಟ್ಟು ಸರದಿ ಪಟ್ಟಿ ನೋಡಿ. ಏಪ್ರಿಲ್ ಎರಡನೇ ವಾರದಿಂದ ಮಕ್ಕಳಿಗೆ ರಜೆ. ಒಂದೊಂದೇ ಮನೆ ಊರಿಗೆ ಹೊರಡುತ್ತದೆ. "ರೀ, ನಿನ್ನೆ ನಿಮ್ಮ ಸರದಿ ಅಲ್ವಾ?" "ಇಲ್ಲ ಕಣ್ರೀ, ನಾನು ಶನಿವಾರಕ್ಕೆ ಬದಲಾಯಿಸಿಕೊಂಡಿದ್ದೆ, ಗ್ರೂಪಲ್ಲಿ ಹಾಕಿದ್ದೆನಲ್ಲ." ಆ ಸಂದೇಶ ಹುಟ್ಟುಹಬ್ಬದ ಶುಭಾಶಯಗಳ ನಡುವೆ ಕಳೆದುಹೋಗಿತ್ತು. ಎರಡು ದಿನ ಯಾರೂ ಹಾಕಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ವ್ಯವಸ್ಥೆ ಸರಿ ಇರಲಿಲ್ಲ.

ಇನ್ನೊಂದು ಸೂಚನೆ: ಗೇಟಿನ ಹತ್ತಿರದ ಎರಡು ಮಡಿ ಹಸಿರಾಗಿ, ಹಿಂದಿನ ನಾಲ್ಕು ಒಣಗಿದ್ದರೆ, ಎಲ್ಲರೂ ಬರುತ್ತಿದ್ದಾರೆ, ಕ್ಯಾನು ಹೊತ್ತು ಹಿಂದಿನವರೆಗೆ ಹೋಗಲು ಆಗುತ್ತಿಲ್ಲ. ನಮ್ಮಲ್ಲಿ ಹಿರಿಯರೇ ಜಾಸ್ತಿ. ಹಿಂಭಾಗದಲ್ಲಿ 200 ಲೀಟರಿನ ಒಂದು ಡ್ರಮ್ ಇಟ್ಟು, ವಾರಕ್ಕೆರಡು ಸಲ ಕಾಲೇಜು ಹುಡುಗರು ತುಂಬಿಸುವಂತೆ ಮಾಡಿದೆವು. ಅಲ್ಲಿಂದ ಚಿಕ್ಕ ಚೊಂಬಿನಲ್ಲಿ ಹಾಕಬಹುದು.

ಸರದಿಯನ್ನು ಫೋನಿನಿಂದ ಗೇಟಿನ ಪಕ್ಕದ ಕಪ್ಪು ಹಲಗೆಗೆ ತಂದೆವು. ತಾರೀಖು, ಹೆಸರು, ಯಾವ ಮಡಿ, ಎಷ್ಟು ಕ್ಯಾನು, ಬೆರಳು ಇಳಿಸಿದಾಗ ಒದ್ದೆಯೋ ಒಣಗಿತ್ತೋ. ಕೊನೆಯ ಕಾಲಮು ಬಹಳ ಉಪಯೋಗಕ್ಕೆ ಬಂತು. ಮಡಿ 7 ಮೂರು ದಿನ ಸತತ ಒದ್ದೆ ಅಂತ ಬರೆದಿದ್ದು, ಗಿಡ ಬಾಡಿದ್ದರೆ, ನಾಲ್ಕನೆಯವರು ಕ್ಯಾನು ಕೆಳಗಿಟ್ಟು ಗಾಜಿನ ಲೋಟ ತರುತ್ತಾರೆ. ಊರಿಗೆ ಹೋಗುವವರು ಬದಲಿ ಹೆಸರು ಬರೆದೇ ಹೋಗಬೇಕು. ಮೇ ತಿಂಗಳಿಗೆ ಜನ ಸಾಲದು ಅನ್ನಿಸಿದರೆ ಮೊದಲೇ ನಾಲ್ಕು ಮಡಿ ಖಾಲಿ ಬಿಟ್ಟು ಪ್ಲಾಸ್ಟಿಕ್ ಹೊದಿಸಿ. ಎಂಟು ಮಡಿ ಚೆನ್ನಾಗಿ ನೋಡಿಕೊಳ್ಳುವುದು ಹನ್ನೆರಡನ್ನು ಸಾಯಿಸುವುದಕ್ಕಿಂತ ಮೇಲು.

ಮೊದಲ ಮಳೆ ಬಿದ್ದ ಮೇಲೆ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಏಪ್ರಿಲ್ ಕೊನೆಗೆ ಆ ಮಳೆ ಬಿದ್ದ ಮಾರನೇ ದಿನ ಎಲ್ಲರಿಗೂ ಸಂತೋಷ, ಯಾರೂ ತೋಟಕ್ಕೆ ಬರುವುದಿಲ್ಲ. ಅವತ್ತೇ ಬರಬೇಕು. ಹಣ್ಣಾಗುತ್ತಿರುವ ಟೊಮೆಟೊ ಒಮ್ಮೆಲೇ ನೀರು ಕುಡಿದು ಸೀಳುತ್ತವೆ, ಬಣ್ಣ ತಿರುಗಿದ್ದನ್ನೆಲ್ಲ ಕಿತ್ತುಕೊಳ್ಳಿ. ಹೊದಿಕೆ ಇಲ್ಲದ ಮಡಿಯಲ್ಲಿ ಮಣ್ಣು ಗಟ್ಟಿ ಪೊರೆಯಾಗುತ್ತದೆ, ಹದ ಆರಿದ ಮೇಲೆ ಕುರ್ಪಿಯಿಂದ ಒಡೆಯಿರಿ. ನೆರಳು ಪರದೆಯಲ್ಲಿ ಆಲಿಕಲ್ಲು ನಿಂತು ಜೋತಿದ್ದರೆ ಕೆಳಗಿನಿಂದ ಎತ್ತಿ ಚೆಲ್ಲಿ, ಕಂಬ ಸಡಿಲವಾಗಿದೆಯಾ ನೋಡಿ. ಮಣ್ಣಿಗೆ ತಾಗಿದ ಕೆಳಗಿನ ಎಲೆ ತೆಗೆಯಿರಿ. ಮತ್ತೆ ಹಲಗೆಯ ಮೇಲೆ ಬರೆಯಿರಿ: ಮಳೆ ಬಂತು, ಬೆರಳು ಎಲ್ಲಿಯವರೆಗೆ ಒದ್ದೆ. ನಮ್ಮಲ್ಲಿ ಕಳೆದ ಸಲ ಅರ್ಧ ಗಂಟೆ ಧೋ ಅಂತ ಸುರಿದಿತ್ತು. ಅಗೆದು ನೋಡಿದರೆ ಮೂರು ಇಂಚಿನ ಕೆಳಗೆ ಒಣ ಮಣ್ಣು. ಮಾರನೇ ದಿನದ ಸರದಿಯನ್ನು ಹಾಗೇ ಉಳಿಸಿದೆವು.